ತಕಾಮತ್ಸುನಲ್ಲಿ ನಾಲ್ಕು ದಿನ: ಊಟ ಎಲ್ಲಿ? (ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ)

ತಿಪಟೂರು ತೆಂಗು
ಎಲ್ಲರಿಗೂ ನಮಸ್ಕಾರ. ನವೆಂಬರ್ ಎರಡನೇ ವಾರ ಜಪಾನಿನ ತಕಾಮತ್ಸುಗೆ ಹೊರಟಿದ್ದೇವೆ. ಟೋಕಿಯೋ, ಒಸಾಕಾ ಬಗ್ಗೆ ಇಲ್ಲಿ ಬೇಕಾದಷ್ಟು ಬರೆದಿದ್ದೀರಿ. ಶಿಕೋಕು ದ್ವೀಪದ ಈ ಊರಿನ ಬಗ್ಗೆ ಮಾತ್ರ ಕನ್ನಡದಲ್ಲಿ ಒಂದು ಸಾಲೂ ಸಿಗಲಿಲ್ಲ. ನಮ್ಮೆಜಮಾನರಿಗೆ ಅಲ್ಲಿ ಕಂಪನಿ ಕೆಲಸ. ಹಗಲೆಲ್ಲ ನಾನು, ಅಮ್ಮ ಮತ್ತು ಎಂಟು ವರ್ಷದ ಮಗ ಊರು ಸುತ್ತಬೇಕು.

ನಾನು ಎಲ್ಲ ತಿನ್ನುತ್ತೇನೆ. ಮಗನಿಗೆ ಕೋಳಿ ಇದ್ದರೆ ಸಾಕು. ಅಮ್ಮ ಮೊಟ್ಟೆ, ಮೀನು, ಮಾಂಸ ಏನೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿ ತಿನ್ನುತ್ತಾರೆ, ಅದೇ ಪುಣ್ಯ. ಉದೋನ್‌ಗೆ (ಗೋಧಿಯ ದಪ್ಪ ಶ್ಯಾವಿಗೆ) ಹೆಸರಾದ ಊರು ಅಂತ ಗೊತ್ತು. ಅಮ್ಮನಿಗೆ ಅದರಲ್ಲಿ ಏನಾದರೂ ಸಿಗುತ್ತಾ? ರಾತ್ರಿ ಊಟಕ್ಕೆ ಎಲ್ಲಿ ಹೋಗುವುದು?

ದೋಸೆ ದಾಸ
ಇಂಡಿಯನ್ ರೆಸ್ಟೋರೆಂಟ್ ಹುಡುಕಿ. ಮುಗೀತು.

ಒಕಾಯಾಮಾ ಒಗ್ಗರಣೆ
ದಾಸರೇ, ಉದೋನ್ ಊರಿಗೆ ಹೋಗಿ ನಾನ್ ತಿನ್ನುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು?

ತೆಂಗು ಅವರೇ, ನಾನಿರುವುದು ಎದುರು ದಡದ ಒಕಾಯಾಮಾದಲ್ಲಿ. 1988ರಲ್ಲಿ ಸೇತೋ ದೊಡ್ಡ ಸೇತುವೆ ಆದಮೇಲೆ ಇಲ್ಲಿಂದ ತಕಾಮತ್ಸುಗೆ ರೈಲಿನಲ್ಲಿ ಒಂದು ಗಂಟೆ ಅಷ್ಟೇ. ತಿಂಗಳಿಗೆ ಒಮ್ಮೆಯಾದರೂ ತಿನ್ನಲಿಕ್ಕೆಂದೇ ಹೋಗುತ್ತೇನೆ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಹೊತ್ತು ನೋಡಿಕೊಳ್ಳಿ. ಒಳ್ಳೆಯ ಉದೋನ್ ಅಂಗಡಿಗಳು ಬೆಳಿಗ್ಗೆ ತೆರೆದು ಮಧ್ಯಾಹ್ನ ಎರಡು ಮೂರಕ್ಕೆ ಬಾಗಿಲು ಹಾಕುತ್ತವೆ. ಮಾಡಿದ್ದು ಖಾಲಿಯಾದರೆ ಅದಕ್ಕೂ ಮುಂಚೆ. "ಮೂರು ಗಂಟೆಗೆ ನಿಧಾನವಾಗಿ ಊಟ ಮಾಡೋಣ" ಅಂದರೆ ಬಾಗಿಲು ಮಾತ್ರ ನೋಡಿ ಬರುತ್ತೀರಿ.

ಎರಡನೆಯದು ಪದ್ಧತಿ. ಬಹಳ ಕಡೆ 'ಸೆರುಫು', ಅಂದರೆ ನಾವೇ ತೆಗೆದುಕೊಳ್ಳುವುದು. ನಮ್ಮ ದರ್ಶಿನಿ ಇದ್ದ ಹಾಗೆ. ಟ್ರೇ ಹಿಡಿದು ಸಾಲಿನಲ್ಲಿ ನಿಲ್ಲಿ. ಎಷ್ಟು ಉಂಡೆ ಬೇಕು ಹೇಳಿ. 'ಶೋ' ಅಂದರೆ ಸಾಮಾನ್ಯವಾಗಿ ಒಂದು ಉಂಡೆ. ಕೆಲವು ಕಡೆ ಉದೋನ್ ಇರುವ ಜಾಲರಿಯನ್ನು ಕೈಗೇ ಕೊಡುತ್ತಾರೆ. ಬಿಸಿನೀರಿನ ತೊಟ್ಟಿಯಲ್ಲಿ ನೀವೇ ಅದ್ದಿ ಬಿಸಿ ಮಾಡಿಕೊಳ್ಳಬೇಕು. ಆಮೇಲೆ ದಾಶಿಯ ನಲ್ಲಿ ತಿರುಗಿಸಿ ಸಾರು ಹಿಡಿದುಕೊಳ್ಳಿ. ಪಕ್ಕದಲ್ಲಿ ಈರುಳ್ಳಿ ಸೊಪ್ಪು, ಶುಂಠಿ. ಬರಿಯ ಉದೋನ್ 300-400 ಯೆನ್ ಆಸುಪಾಸು.

ಅಮ್ಮನ ವಿಷಯಕ್ಕೆ ಬಂದರೆ, ಉದೋನ್‌ನಲ್ಲಿ ಇರುವುದು ಮೂರೇ: ಗೋಧಿ ಹಿಟ್ಟು, ನೀರು, ಉಪ್ಪು. ಮೊಟ್ಟೆ ಇಲ್ಲ. ತೊಂದರೆ ಇರುವುದು ಸಾರಿನಲ್ಲಿ. ಅದು ಇರಿಕೊ ದಾಶಿ, ಅಂದರೆ ಒಣಮೀನಿನ ಸಾರು.

ಮಲ್ಪೆ ಮಾರಾಯ
ಇರಿಕೊ ಅಂದರೆ ನಮ್ಮ ಕೊಲ್ಲತರು ಮಾರಾಯ್ರೆ! ಬೇಯಿಸಿ ಒಣಗಿಸಿದ್ದು. ಕಾಗಾವಾದ (ತಕಾಮತ್ಸು ಇರುವ ಪ್ರಾಂತ್ಯ) ಇಬುಕಿ ದ್ವೀಪದ್ದು ಅಂದರೆ ಜಪಾನಿನವರು ಕಣ್ಣುಮುಚ್ಚಿ ಕೊಳ್ಳುತ್ತಾರೆ. ನನಗೆ ಮೊದಲ ಗುಟುಕಿಗೇ ಮನೆ ನೆನಪಾಯಿತು. ಖಾರ ಒಂದಿಲ್ಲ, ಅಷ್ಟೇ.

ದೋಸೆ ದಾಸ
ಹಾಗಾದರೆ ಅಮ್ಮನಿಗೆ ಏನೂ ಇಲ್ಲ ಅಂತಾಯಿತು. ನಾನು ಹೇಳಿದ್ದೇ ಸರಿ.

ಒಕಾಯಾಮಾ ಒಗ್ಗರಣೆ
ಇದೆ ದಾಸರೇ. 'ಕಿಜೋಯು ಉದೋನ್' ಅಂತ. ತಣ್ಣೀರಲ್ಲಿ ತೊಳೆದ ಗಟ್ಟಿ ಉದೋನ್ ಮೇಲೆ ಸೋಯಾ ಸಾಸ್ ಎರಡು ಸುತ್ತು, ತುರಿದ ಮೂಲಂಗಿ, ಒಂದಿಷ್ಟು ಸುದಾಚಿ ಹುಳಿ. ಸುದಾಚಿ ನಮ್ಮ ನಿಂಬೆಯ ಚಿಕ್ಕ ತಮ್ಮ. ಸಾರೇ ಇಲ್ಲ.

ಸಹ್ಯಾದ್ರಿ ಸೊಪ್ಪು
ಒಗ್ಗರಣೆಯವರೇ, ಅರ್ಧ ಮಾತ್ರ ಹೇಳಿದಿರಿ. ಬಹಳ ಅಂಗಡಿಗಳಲ್ಲಿ ಕಿಜೋಯುಗೆ ಇಡುವುದು ದಾಶಿ ಬೆರೆಸಿದ ಶೋಯು (ಸೋಯಾ ಸಾಸ್). ಬಾಟಲಿ ನೋಡಿದರೆ ಗೊತ್ತಾಗಲ್ಲ. ನಾನು ಎರಡು ದಿನ ಸಂತೋಷವಾಗಿ ತಿಂದೆ. ಮೂರನೇ ದಿನ ಜೊತೆಯವರು ಲೇಬಲ್ ಓದಿ ಹೇಳಿದರು. ಸಾದಾ ಶೋಯು ಇದೆಯಾ ಅಂತ ಬಿಡಿಸಿ ಕೇಳಬೇಕು. ಇಲ್ಲವೇ ಶೋದೋ ದ್ವೀಪದ ಶೋಯುವಿನ ಚಿಕ್ಕ ಬಾಟಲಿಯನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ತಕಾಮತ್ಸು ಬಂದರಿನಿಂದ ಆ ದ್ವೀಪ ಕಣ್ಣಿಗೆ ಕಾಣುತ್ತದೆ. ಇವತ್ತಿಗೂ ದೊಡ್ಡ ದೊಡ್ಡ ಮರದ ಪೀಪಾಯಿಗಳಲ್ಲಿ ಶೋಯು ಹುದುಗಿಸುತ್ತಾರೆ.

ಇನ್ನೊಂದು. "ಬೆಜಿತೇರಿಯನ್" ಅಂದರೆ ಸಾಲದು. ಅಲ್ಲಿ ಬಹಳ ಜನರಿಗೆ ಮೀನಿನ ಸಾರು ಅಂದರೆ ಮೀನು ಅಲ್ಲ. ನಾವು ಇಂಗನ್ನು ತರಕಾರಿ ಅಂತ ಲೆಕ್ಕ ಹಾಕುತ್ತೇವಾ? ಹಾಗೆ. "ನಿಕು, ಸಕಾನಾ, ತಮಾಗೊ, ದಾಶಿ, ಕತ್ಸುಓಬುಶಿ, ಜೆಂಬು ನಾಶಿ" (ಮಾಂಸ, ಮೀನು, ಮೊಟ್ಟೆ, ದಾಶಿ, ಒಣಮೀನಿನ ಹೊಟ್ಟು, ಯಾವುದೂ ಬೇಡ) ಅಂತ ಯಾರಿಂದಲಾದರೂ ಜಪಾನೀ ಲಿಪಿಯಲ್ಲಿ ಬರೆಸಿಕೊಂಡು ಹೋಗಿ.

ರಾಣೆಬೆನ್ನೂರ್ ರೊಟ್ಟಿ
ಅಕ್ಕಾರ, ನಾಲ್ಕ ದಿನಕ್ಕ ಇಷ್ಟ ತಲಿ ಯಾಕ ಕೆಡಿಸಿಕೊಳ್ತೀರಿ? ಚಟ್ನಿಪುಡಿ, ಒಂದ ಡಬ್ಬಿ ಅವಲಕ್ಕಿ ಒಯ್ರಿ. ಬರೇ ಉದೋನ್ ಮ್ಯಾಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡ ತಿಂದ್ರ ಅದರ ರುಚಿನ ಬ್ಯಾರೆ.

ಸಹ್ಯಾದ್ರಿ ಸೊಪ್ಪು
ಅಂಗಡಿಯೊಳಗೆ ಮನೆಯಿಂದ ತಂದಿದ್ದನ್ನು ಬಿಚ್ಚುವುದು ಅಲ್ಲಿ ತೀರಾ ತಪ್ಪು. ದಯವಿಟ್ಟು ಮಾಡಬೇಡಿ.

ರಾಣೆಬೆನ್ನೂರ್ ರೊಟ್ಟಿ
ಈಗ ನೀವs ಶೋಯು ಬಾಟ್ಲಿ ಬ್ಯಾಗಿನ್ಯಾಗ ಇಟಗೊಳ್ರಿ ಅಂದ್ರಲ್ಲ! ಅದನ್ನ ಅಂಗಡಿಯಾಗ ಬಿಚ್ಚದs ಮನ್ಯಾಗ ಬಿಚ್ಚತಾರೇನು?

ಸಹ್ಯಾದ್ರಿ ಸೊಪ್ಪು
ಸರಿ, ಸಿಕ್ಕಿಬಿದ್ದೆ. ಆದರೆ ಎರಡು ಹನಿ ಶೋಯು ಯಾರಿಗೂ ಕಾಣಲ್ಲ. ಶೇಂಗಾ ಪುಡಿಯ ಬೆಳ್ಳುಳ್ಳಿ ವಾಸನೆ ಪಕ್ಕದ ಬೀದಿಗೂ ಗೊತ್ತಾಗುತ್ತದೆ.

ಮಂಡ್ಯ ಮುದ್ದೆ
ಉದೋನ್ ಅಗಿಯಬಾರದು ಗುರು. ಅದರ ಮಜಾ ಗಂಟಲಲ್ಲಿ ಇಳಿಯುವುದರಲ್ಲಿದೆ. 'ನೋದೊಗೊಶಿ' ಅಂತಾರೆ. ನನ್ನ ಪಕ್ಕ ಕೂತ ಅಜ್ಜ ಎರಡು ಉಂಡೆಯನ್ನು ಐದು ನಿಮಿಷದಲ್ಲಿ ಸುರ್ ಸುರ್ ಅಂತ ಇಳಿಸಿ ಎದ್ದು ಹೋದ. ಮುದ್ದೆ ಅಗಿದರೆ ನಗುವ ನಮ್ಮೂರವರಿಗೆ ಇದು ಹೇಳಿಕೊಡಬೇಕಾಗಿಲ್ಲ.

ಬಸವನಗುಡಿ ಬೆಣ್ಣೆ
ನಮ್ಮ ಏರಿಯಾದ ಮಾಲ್‌ನಲ್ಲಿ ಉದೋನ್ ತಿಂದಿದ್ದೀನಿ, ರಬ್ಬರ್ ಇದ್ದ ಹಾಗಿತ್ತು. ಟೋಕಿಯೋದಲ್ಲಿ ಮಾರುಗಾಮೆ ಸೇಮೆನ್ ಚೆನ್ನಾಗಿತ್ತು. ಅದು ಕಾಗಾವಾದ ಮಾರುಗಾಮೆ ಊರಿಂದ ಬಂದ ಕಂಪನಿ ತಾನೇ? ತಕಾಮತ್ಸುನಲ್ಲೂ ಅಲ್ಲಿಗೇ ಹೋದರೆ ಸೇಫ್ ಅಲ್ವಾ?

ಒಕಾಯಾಮಾ ಒಗ್ಗರಣೆ
ಅಯ್ಯೋ, ಆ ಊರಲ್ಲಿ ನಿಂತು ಮಾತ್ರ ಇದನ್ನು ಹೇಳಬೇಡಿ. ಹೆಸರಷ್ಟೇ ಮಾರುಗಾಮೆ. ಕಂಪನಿ ಹ್ಯೋಗೋ ಕಡೆಯದು. ಮೊದಲ ಅಂಗಡಿ 2000ದಲ್ಲಿ ಕಾಕೋಗಾವಾದಲ್ಲಿ ಶುರುವಾಗಿದ್ದು. ಕಾಗಾವಾದವರ ಹತ್ತಿರ ಈ ಮಾತು ತೆಗೆದರೆ ಅರ್ಧ ಗಂಟೆ ಭಾಷಣ ಗ್ಯಾರಂಟಿ.

ಬಸವನಗುಡಿ ಬೆಣ್ಣೆ
ಅಂದರೆ ಪ್ರಪಂಚದ ಎಲ್ಲ 'ಉಡುಪಿ ಹೋಟೆಲ್' ಕಥೆಯೇ ಇದು.

ಮಲ್ಪೆ ಮಾರಾಯ
ಉಡುಪಿ ಹೋಟೆಲನ್ನು ಇದಕ್ಕೆ ಎಳೆಯಬೇಡಿ. ಅದನ್ನು ಶುರು ಮಾಡಿದವರು ಉಡುಪಿಯವರೇ.

ಬಸವನಗುಡಿ ಬೆಣ್ಣೆ
ಶುರು ಮಾಡಿದವರು ಹೌದು ಸಾರ್. ಈಗ ಹೈವೇಲಿ ಬೋರ್ಡ್ ಹಾಕಿದವರೆಲ್ಲ ಉಡುಪಿಯವರಾ?

ಮಂಡ್ಯ ಮುದ್ದೆ
ಇನ್ನೊಂದು ಗುಟ್ಟು ಹೇಳ್ತೀನಿ. ಸಾನುಕಿ (ಕಾಗಾವಾದ ಹಳೇ ಹೆಸರು) ಉದೋನ್‌ನ ಹಿಟ್ಟು ಬಹುಪಾಲು ಆಸ್ಟ್ರೇಲಿಯಾದ ಗೋಧಿ. ಅದು ಸರಿಬರಲಿಲ್ಲ ಅಂತ ಕಾಗಾವಾದವರು 'ಸಾನುಕಿ ನೋ ಯುಮೆ 2000' ಅಂತ ತಮ್ಮದೇ ತಳಿ ಮಾಡಿದರು. ಆದರೂ ದಿನನಿತ್ಯಕ್ಕೆ ಆಸ್ಟ್ರೇಲಿಯಾದ್ದೇ ಜಾಸ್ತಿ. ಊರಿನ ಹೆಸರು ಯಾವುದು, ಗೋಧಿ ಯಾವುದು, ಹಿಡಿದು ಕೂತರೆ ಊಟ ತಣ್ಣಗಾಗುತ್ತದೆ.

ತಿಪಟೂರು ತೆಂಗು
ಜಗಳ ಚೆನ್ನಾಗಿದೆ, ಮುಂದುವರಿಸಿ. ಆದರೆ ಅಂಗಡಿಗಳ ಹೆಸರು? ನಮ್ಮ ಹೋಟೆಲ್ ಕವರಮಾಚಿ ಸ್ಟೇಷನ್ ಹತ್ತಿರ. ಕಾರಿಲ್ಲ.

ಒಕಾಯಾಮಾ ಒಗ್ಗರಣೆ
ಒಳ್ಳೆಯ ಜಾಗ. ಕೊತೊದೆನ್ ರೈಲುಗಳು ಅಲ್ಲಿಂದಲೇ ಕವಲೊಡೆಯುತ್ತವೆ. ಚಾವಣಿ ಹಾಕಿದ ಪೇಟೆ ಬೀದಿಗಳೂ ಅಲ್ಲೇ. ಎಲ್ಲ ಸೇರಿ 2.7 ಕಿಲೋಮೀಟರ್ ಉದ್ದ. ಮಳೆ ಬಂದರೂ ಕೊಡೆ ಬೇಡ.

ಬೆಳಿಗ್ಗೆ 'ಉದೋನ್ ಬಾಕಾ ಇಚಿದಾಯ್'ಗೆ ಹೋಗಿ. ಆರು ಗಂಟೆಗೇ ತೆರೆಯುತ್ತದೆ. ಹೆಸರಿನ ಅರ್ಥ ಹೆಚ್ಚುಕಡಿಮೆ 'ಉದೋನ್ ಹುಚ್ಚನ ಜೀವನ'. ಅವರ ಕಾಮಾ ಬಟರ್ ಅಂದರೆ ಬಿಸಿ ಉದೋನ್ ಮೇಲೆ ಬೆಣ್ಣೆ, ಕರಿಮೆಣಸು, ಹಸಿ ಮೊಟ್ಟೆ. ಅಮ್ಮನಿಗೆ ಮೊಟ್ಟೆ ಬಿಡಿಸಿ ಬೆಣ್ಣೆ-ಮೆಣಸು ಮಾತ್ರ ಕೇಳಿ ನೋಡಿ. ಮೇಲೆ ಹಾಕುವ ಶೋಯು ಸಾದಾನಾ ಅಂತಲೂ ಕೇಳಿ, ಸೊಪ್ಪಿನವರು ಹೇಳಿದ ಹಾಗೆ. ನೀವಂತೂ ಮೊಟ್ಟೆ ಸಮೇತ ತಿನ್ನಿ.

ಮಧ್ಯಾಹ್ನ 'ಚಿಕುಸೇಯ್'. ಅಲ್ಲಿ ಅರ್ಧ ಬೆಂದ ಮೊಟ್ಟೆಯ ತೆಂಪುರಾ, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಉದೋನ್ ಮೇಲೆ ಇಟ್ಟು ಕಡ್ಡಿಯಿಂದ ಒಡೆದರೆ ಹಳದಿ ಹರಿದು ಬರುತ್ತದೆ. ಉದ್ದ ಸಾಲು ಇರುತ್ತದೆ, ಮಗನಿಗೆ ಏನಾದರೂ ತಿನ್ನಿಸಿಯೇ ನಿಲ್ಲಿಸಿ.

ಯಾಶಿಮಾ ಬೆಟ್ಟದ ಬುಡದಲ್ಲಿ 'ವಾರಾಯಾ' ಇದೆ, ಹುಲ್ಲು ಮಾಡಿನ ಹಳೇ ಮನೆ. ಮರದ ಬೋಗುಣಿಯಲ್ಲಿ ಮನೆಮಂದಿಗೆಲ್ಲ ಸಾಕಾಗುವಷ್ಟು ಉದೋನ್ ತಂದು ನಡುವೆ ಇಡುತ್ತಾರೆ. ಅದ್ದಿಕೊಳ್ಳುವ ಸಾರು ಬೇರೆ ಪಾತ್ರೆಯಲ್ಲಿ ಬರುತ್ತದೆ. ಅಮ್ಮ ಅದೇ ಬೋಗುಣಿಯಿಂದ ತೆಗೆದು ತಮ್ಮದರಲ್ಲಿ ಅದ್ದಿಕೊಳ್ಳಬಹುದು.

ಸಹ್ಯಾದ್ರಿ ಸೊಪ್ಪು
ಸಾರಿನಲ್ಲಿ ಅದ್ದಿದ ಕಡ್ಡಿಯನ್ನೇ ಎಲ್ಲರೂ ಮತ್ತೆ ಬೋಗುಣಿಗೆ ಹಾಕಿದರೆ ಅಮ್ಮನಿಗೆ ಆಗುತ್ತಾ? ನಮ್ಮಮ್ಮನಾದರೆ ಎದ್ದು ಹೋಗುತ್ತಿದ್ದರು. ಅವರ ಪಾಲು ಮೊದಲೇ ತೆಗೆದಿಡಿ.

ಒಕಾಯಾಮಾ ಒಗ್ಗರಣೆ
ಹೌದು, ಇದು ಹೊಳೆದೇ ಇರಲಿಲ್ಲ.

ಮಲ್ಪೆ ಮಾರಾಯ
ರಾತ್ರಿಗೆ 'ಹೋನೆತ್ಸುಕಿದೋರಿ'! ಮೂಳೆ ಸಮೇತ ಇಡೀ ಕೋಳಿಕಾಲು, ಬೆಳ್ಳುಳ್ಳಿ-ಮೆಣಸು ಹಚ್ಚಿ ಸುಟ್ಟಿದ್ದು. ಮೂಲ ಮಾರುಗಾಮೆ ಊರಿನದು (ನಿಜವಾದ ಊರು, ಕಂಪನಿ ಅಲ್ಲ). 'ಇಕ್ಕಾಕು' ಹೆಸರಾಂತ ಅಂಗಡಿ, ತಕಾಮತ್ಸುನಲ್ಲೂ ಇದೆ. 'ಹಿನಾ' ಅಂದರೆ ಎಳೆಯದು, ಮೆತ್ತಗೆ. 'ಓಯಾ' ಅಂದರೆ ಬಲಿತದ್ದು, ಜಗಿಯಬೇಕು. ಹುಡುಗನಿಗೆ ಹಿನಾ ಕೊಡಿಸಿ. ನಮ್ಮ ಕಡೆ ಊರ ಕೋಳಿ ತಿಂದು ಬೆಳೆದವರಿಗೆ ಓಯಾನೇ ಸರಿ. ತಟ್ಟೆಯಲ್ಲಿ ಉಳಿದ ಎಣ್ಣೆಗೆ ಹಸಿ ಕೋಸು ಅದ್ದಿಕೊಂಡು ತಿನ್ನಬೇಕು, ಅದನ್ನು ಬಿಡಬೇಡಿ.

ದೋಸೆ ದಾಸ
ಅಮ್ಮ ಅಲ್ಲಿ ಕೂತು ಕೋಸು ತಿನ್ನಬೇಕಾ?

ಮಲ್ಪೆ ಮಾರಾಯ
ಎಣ್ಣೆ ಇಲ್ಲದೆ ತಿನ್ನಲಿ!

ಸಹ್ಯಾದ್ರಿ ಸೊಪ್ಪು
ತಮಾಷೆ ಸಾಕು. ರಾತ್ರಿ ಇಝಕಾಯಾಗೆ (ಕುಡಿತದ ಜೊತೆ ತಿಂಡಿ ಕೊಡುವ ಅಂಗಡಿ) ಹೋದರೆ ಅಮ್ಮನಿಗೆ ಎದಾಮಾಮೆ (ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾ ಕಾಯಿ), ತಣ್ಣನೆ ತೋಫು (ಮೇಲೆ ಮೀನಿನ ಹೊಟ್ಟು ಬೇಡ ಅನ್ನಿ), ಅನ್ನ. ಆಮೇಲೆ 'ಶೋಯು ಮಾಮೆ' ಕೇಳಿ. ಹುರಿದ ದೊಡ್ಡ ಅವರೆಯಂಥ ಕಾಳು, ಶೋಯು, ಸಕ್ಕರೆ, ಮೆಣಸಿನಕಾಯಿಯಲ್ಲಿ ನೆನೆಸಿದ್ದು. ಕಾಗಾವಾದ್ದೇ ತಿನಿಸು. ಇದಕ್ಕೂ ಕೆಲವರು ದಾಶಿ ಹಾಕುತ್ತಾರೆ, ಪೊಟ್ಟಣ ಓದಿಸಿ. ತೆಂಪುರಾ ತರಕಾರಿಯದೇ ಆದರೂ ಹಿಟ್ಟಿನಲ್ಲಿ ಮೊಟ್ಟೆ ಇರಬಹುದು, ಎಣ್ಣೆಯಂತೂ ಒಂದೇ. ಇನಾರಿ ಸುಶಿಯ ತೋಫು ಚೀಲವನ್ನೂ ದಾಶಿಯಲ್ಲೇ ಬೇಯಿಸಿರುತ್ತಾರೆ.

ಧಾರವಾಡ ಫೇಡಾ 1
ರಾತ್ರಿ ತಡವಾಗಿ ಉದೋನ್ ಬೇಕಂದರೆ 'ತ್ಸುರುಮಾರು'. ರಾತ್ರಿ ಎಂಟರ ಮೇಲೆ ತೆರೆಯುತ್ತದೆ. ಕುಡಿದು ಬಂದವರೆಲ್ಲ ಅಲ್ಲಿ ಕರಿ ಉದೋನ್ ತಿಂದು ಮನೆಗೆ ಹೋಗುತ್ತಾರೆ. ಕರಿ ಅಂದಾಕ್ಷಣ ನಮ್ಮ ಸಾಂಬಾರು ಅಂದುಕೊಳ್ಳಬೇಡಿ. ಸಿಹಿ, ಗಟ್ಟಿ, ಮಾಂಸ ಇರುವಂಥದ್ದು. ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ, ಅನುಭವದ ಮಾತು.

ಒಕಾಯಾಮಾ ಒಗ್ಗರಣೆ
ಸಿಹಿಗೆ ರಿತ್ಸುರಿನ್ ಉದ್ಯಾನ. ಕೆರೆ ಪಕ್ಕದ ಕಿಕುಗೆತ್ಸುತೇಯ್ ಚಹಾ ಮನೆಯಲ್ಲಿ ಮಚ್ಚಾ (ಹಸಿರು ಚಹಾ ಪುಡಿಯದು) ಜೊತೆ ಪುಟ್ಟ ಸಿಹಿ ಕೊಡುತ್ತಾರೆ. ಅಮ್ಮ ಕಾಲು ಚಾಚಿ ಕೂರಬಹುದು. ಮತ್ತೆ 'ವಾಸಾನ್‌ಬೋನ್' ಮರೆಯಬೇಡಿ. ಆ ಭಾಗದ ತೆಳ್ಳನೆ ಕಬ್ಬಿನ ನುಣ್ಣನೆ ಸಕ್ಕರೆಯನ್ನು ಮರದ ಅಚ್ಚಿನಲ್ಲಿ ಒತ್ತಿ ಮಾಡಿದ್ದು.

ಬಸವನಗುಡಿ ಬೆಣ್ಣೆ
ಸಂಕ್ರಾಂತಿ ಸಕ್ಕರೆ ಅಚ್ಚು!

ಒಕಾಯಾಮಾ ಒಗ್ಗರಣೆ
ಹತ್ತಿರ ಹತ್ತಿರ ಅದೇ. ನಮ್ಮದು ಪಾಕ ಹೊಯ್ದು ಮಾಡುವುದು, ಅವರದು ಪುಡಿ ಒತ್ತುವುದು. ಬಾಯಲ್ಲಿ ಇಟ್ಟರೆ ಮಾಯ.

ಮಂಡ್ಯ ಮುದ್ದೆ
ಕೊಂಪಿರಾ ದೇವಸ್ಥಾನಕ್ಕೂ ಹೋಗಿಬನ್ನಿ. ಕವರಮಾಚಿಯಿಂದ ಕೊತೊದೆನ್‌ನಲ್ಲಿ ಒಂದು ಗಂಟೆ. ಮುಖ್ಯ ಗುಡಿಗೆ 785 ಮೆಟ್ಟಿಲು. ಕೆಳಗಿನ ಬೀದಿಯಲ್ಲಿ ಉದೋನ್ ಮಾಡುವುದನ್ನು ಕಲಿಸುವ ನಕಾನೋ ಶಾಲೆ ಇದೆ. ಹಿಟ್ಟನ್ನು ಚೀಲದಲ್ಲಿ ಹಾಕಿ ಹಾಡು ಹಚ್ಚಿ ಕಾಲಲ್ಲಿ ತುಳಿಸುತ್ತಾರೆ. ಮಗ ಬಿಟ್ಟು ಬರಲ್ಲ.

ರಾಣೆಬೆನ್ನೂರ್ ರೊಟ್ಟಿ
ಅನ್ನ ಕಾಲಿಲೆ ತುಳಿಯೂದ? ನಮ್ಮವ್ವ ಕೇಳಿದ್ರ ನನ್ನನ್ನs ತುಳಿತಾಳ.

ಧಾರವಾಡ ಫೇಡಾ 1
ವಿಷಯ ಬಿಟ್ಟು ಒಂದು ಮಾತು. ಕೊಂಪಿರಾ ಅನ್ನುವ ಹೆಸರು ಬಂದಿದ್ದು ಸಂಸ್ಕೃತದ 'ಕುಂಭೀರ'ದಿಂದ. ಅಂದರೆ ಮೊಸಳೆ! ಗಂಗೆಯ ಮೊಸಳೆ ಬೌದ್ಧರ ಜೊತೆ ಅಷ್ಟು ದೂರ ಹೋಗಿ ನಾವಿಕರನ್ನು ಕಾಯುವ ದೇವರಾಯಿತು.

ದೋಸೆ ದಾಸ
ಊಟದ ಪ್ರಶ್ನೆಗೆ ಮೊಸಳೆ ಉತ್ತರ. ಶಭಾಷ್.

ಮಂಡ್ಯ ಮುದ್ದೆ
ನಮಗೆ ಹತ್ತಿರದ ವಿಷಯ ಇನ್ನೊಂದಿದೆ. ಕಾಗಾವಾ ಜಪಾನಿನ ಅತಿ ಚಿಕ್ಕ ಪ್ರಾಂತ್ಯ, ನಮ್ಮ ಕೊಡಗಿನ ಅರ್ಧಕ್ಕಿಂತ ಕಡಿಮೆ. ಮಳೆ ಕಮ್ಮಿ, ದೊಡ್ಡ ನದಿ ಇಲ್ಲ. ಕೆರೆ ಕಟ್ಟಿ ಬದುಕಿದ ಊರು. ಭತ್ತದ ಜೊತೆ ಗೋಧಿ ಬೆಳೆದಿದ್ದಕ್ಕೆ ಉದೋನ್ ಹುಟ್ಟಿದ್ದು. ಈಗ ಯೋಶಿನೋ ನದಿಯ ನೀರು ಬೆಟ್ಟದೊಳಗಿನ ಸುರಂಗದಲ್ಲಿ ಬರುತ್ತದೆ. ಬರಗಾಲ ಬಂದರೆ ಪಕ್ಕದ ಪ್ರಾಂತ್ಯದವರು "ನಮ್ಮ ನೀರಲ್ಲಿ ಉದೋನ್ ಬೇಯಿಸ್ತಾರೆ" ಅಂತ ಆಡಿಕೊಳ್ಳುತ್ತಾರೆ. ಮಂಡ್ಯದವನಿಗೆ ಇದನ್ನು ಬಿಡಿಸಿ ಹೇಳಬೇಕಾ?

ಸಹ್ಯಾದ್ರಿ ಸೊಪ್ಪು
ಕಾವೇರಿ ಬೇಡ, ಪ್ಲೀಸ್. ಈ ಎಳೆ ಮುಚ್ಚಿಸಬೇಡಿ.

ತಿಪಟೂರು ತೆಂಗು
ಹೋಗಿ ಬಂದೆವು! ವರದಿ ಇಲ್ಲಿದೆ.

ಮೊದಲ ದಿನವೇ ಎಡವಟ್ಟು. ರಾತ್ರಿ ಪೇಟೆ ಬೀದಿಯ ಒಂದು ಇಝಕಾಯಾಗೆ ಹೋದೆವು, ಹೆಸರು ಬೇಡ. ಚೀಟಿ ತೋರಿಸಿದೆ. ಹುಡುಗಿ ಮೂರು ಸಲ ತಲೆಯಾಡಿಸಿದಳು. ತೋಫು ಬಂತು. ಮೇಲೆ ತೆಳ್ಳನೆ ಗುಲಾಬಿ ಹಾಳೆಗಳು. ಪಕ್ಕದ ಬಿಸಿ ತಟ್ಟೆಯ ಆವಿಗೆ ಅವು ಮೆಲ್ಲಗೆ ಅಲ್ಲಾಡುತ್ತಿದ್ದವು. ಅಮ್ಮ "ಏನೇ ಇದು, ಇನ್ನೂ ಜೀವ ಇದೆ" ಅಂತ ಕುರ್ಚಿ ಹಿಂದಕ್ಕೆ ಎಳೆದರು. ಮೀನಿನ ಹೊಟ್ಟು. ಹುಡುಗಿ ಅಳುವ ಹಾಗಾದಳು, ಬೇರೆ ತಂದುಕೊಟ್ಟಳು. ಅಮ್ಮ ಆ ರಾತ್ರಿ ಬರೀ ಅನ್ನ, ಎದಾಮಾಮೆ. ಮನೆಯವರು ಕೆಲಸ ಮುಗಿಸಿ ಬಂದು "ಇಂಡಿಯನ್ ರೆಸ್ಟೋರೆಂಟ್ ಹುಡುಕೋಣ್ವಾ" ಅಂದರು. ದೋಸೆ ದಾಸರು ನೆನಪಾದರು.

ಮರುದಿನ ಬೆಳಿಗ್ಗೆ ಆರೂವರೆಗೆ 'ಬಾಕಾ ಇಚಿದಾಯ್'. ಆಗಲೇ ಜನ. ಅಮ್ಮನಿಗೆ ಮೊಟ್ಟೆ ಇಲ್ಲದೆ ಬೆಣ್ಣೆ-ಮೆಣಸು. ಶೋಯು ನಮ್ಮ ಬಾಟಲಿಯದೇ ಎರಡು ಹನಿ (ಸೊಪ್ಪು ಅವರೇ, ಯಾರೂ ನೋಡಲಿಲ್ಲ). ಅಮ್ಮ ಮೊದಲು ಅನುಮಾನದಿಂದ ಒಂದು ಎಳೆ ತಿಂದರು. ಆಮೇಲೆ ಮಾತೇ ಇಲ್ಲ. ಕೊನೆಗೆ "ಒತ್ತು ಶ್ಯಾವಿಗೆಗೆ ದಪ್ಪ ಬಿಲ್ಲೆ ಹಾಕಿದಂಗಿದೆ" ಅಂದರು. ಆ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟ್. ಮಾರನೇ ದಿನ ತಾವೇ ನನ್ನನ್ನು ಆರಕ್ಕೆ ಎಬ್ಬಿಸಿದರು.

ಚಿಕುಸೇಯ್‌ನಲ್ಲಿ ನಲವತ್ತು ನಿಮಿಷ ಸಾಲು. ಆ ಮೊಟ್ಟೆಗೆ ಇನ್ನೂ ನಲವತ್ತು ನಿಲ್ಲಬಹುದು. ಇಕ್ಕಾಕುನಲ್ಲಿ ಮಗ ಹಿನಾ ಮುಗಿಸಿ ನನ್ನ ಓಯಾಗೂ ಕೈ ಹಾಕಿದ. ಜಗಿಯಲಾರದೆ ವಾಪಸ್ ಇಟ್ಟ. ಉದೋನ್ ಶಾಲೆಯಲ್ಲಿ ಹಿಟ್ಟು ತುಳಿಯುವಾಗ ಅಮ್ಮ ಮೊದಲು ಮುಖ ತಿರುಗಿಸಿ ಕೂತಿದ್ದರು. ಆಮೇಲೆ "ಹಾಗಲ್ಲ ಕಣೋ, ಹಿಮ್ಮಡಿಯಿಂದ ತುಳಿ" ಅಂತ ಮೊಮ್ಮಗನಿಗೆ ಹೇಳಿಕೊಡುತ್ತಿದ್ದರು!

ಕೊನೆ ದಿನ ಸೂಪರ್‌ಮಾರ್ಕೆಟ್‌ನಲ್ಲಿ ಬೇಯಿಸಿಟ್ಟ ಉದೋನ್ ಪೊಟ್ಟಣ ತಂದೆವು. ಹೋಟೆಲ್ ರೂಮಲ್ಲಿ ಕೆಟಲ್ ನೀರು ಎರಡು ಸಲ ಸುರಿದು ಬಸಿದು, ಅಮ್ಮ ತಂದಿದ್ದ ಪುಳಿಯೋಗರೆ ಗೊಜ್ಜು ಕಲಸಿದರು. ಎಲ್ಲರೂ ತಿಂದೆವು. ರಾಣೆಬೆನ್ನೂರಿನವರ ಚಟ್ನಿಪುಡಿಯೂ ಬಿತ್ತು.

ರಾಣೆಬೆನ್ನೂರ್ ರೊಟ್ಟಿ
ನಾ ಹೇಳಿದ್ದಿಲ್ಲೇನು!

ಒಕಾಯಾಮಾ ಒಗ್ಗರಣೆ
ಪುಳಿಯೋಗರೆ ಉದೋನ್. ಕಾಗಾವಾದವರಿಗೆ ಗೊತ್ತಾದರೆ ವೀಸಾ ಸಿಗಲ್ಲ.

ಬಸವನಗುಡಿ ಬೆಣ್ಣೆ
ವಿಮಾನ ನಿಲ್ದಾಣದಲ್ಲಿ ಉದೋನ್ ಸಾರಿನ ನಲ್ಲಿ ಇದೆಯಂತೆ, ಹೌದಾ? ಯಾರೋ ವೀಡಿಯೋ ಕಳಿಸಿದ್ದರು.

ತಿಪಟೂರು ತೆಂಗು
ಇದೆ! ಕೈ ತೊಳೆಯುವ ನಲ್ಲಿ ಅಂದುಕೊಂಡು ಅಮ್ಮ ಕೈ ಒಡ್ಡಲು ಹೋಗಿದ್ದರು. ಮಗ ಓಡಿ ಬಂದು ತಡೆದ.

ಧಾರವಾಡ ಫೇಡಾ 1
ನಾನು ಜನವರಿಯಲ್ಲಿ ಅಪ್ಪ ಅಮ್ಮನ ಜೊತೆ ಪಕ್ಕದ ಕೋಚಿಗೆ ಹೋಗುತ್ತಿದ್ದೇನೆ. ಅಪ್ಪ ಸಸ್ಯಾಹಾರಿ. ಅಲ್ಲಿ ಹೇಗೆ?

ಮಲ್ಪೆ ಮಾರಾಯ
ಕೋಚಿ ಅಂದರೆ ಕತ್ಸುಓ ಮಾರಾಯ್ರೆ, ಹುಲ್ಲಿನ ಬೆಂಕಿಯಲ್ಲಿ ಸುಟ್ಟ ಟ್ಯೂನಾ. ಅಪ್ಪನಿಗೆ ಅವಲಕ್ಕಿ ಕಟ್ಟಿಕೊಳ್ಳಿ.

ಸಹ್ಯಾದ್ರಿ ಸೊಪ್ಪು
ಹೊಸ ಎಳೆ ಶುರು ಮಾಡಿ ಫೇಡಾ ಅವರೇ. ಇದು ಈಗಲೇ ಉದೋನ್ ಥರ ಉದ್ದ ಆಗಿದೆ. ಹೊರಡುವಾಗ ಹಸಿ ಕರಿಬೇವು ಮಾತ್ರ ಬ್ಯಾಗಿಗೆ ಹಾಕಬೇಡಿ, ಕಸ್ಟಮ್ಸ್‌ನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.